ಚಿಲಿಗೆ ಹೊರಟಿರುವ ತಮ್ಮನಿಗೆ: ಪ್ಯಾಲೆಸ್ತೀನಿಯರು ಮತ್ತು ಸ್ವಿಸ್ಸರು ಏನಾದರು

ತಮ್ಮಾ, ನಿನ್ನ ಪತ್ರ ಓದಿದೆ. ಸಾಂಟಿಯಾಗೋದಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಮಗುವನ್ನೂ ಕರೆದುಕೊಂಡು ಬಂದು ಇಲ್ಲೇ ನೆಲೆಸುವ ಯೋಚನೆ ಇದೆ ಅಂತ ಬರೆದಿದ್ದೀಯ. ಜೊತೆಗೆ ಇನ್ನೊಂದು ಮಾತು ಕೇಳಿದ್ದೀಯ: "ಅಕ್ಕಾ, ಚಿಲಿಯಲ್ಲಿ ಪ್ಯಾಲೆಸ್ತೀನ್ ಮೂಲದವರು ಬ್ಯಾಂಕು, ಮಾಲು ಎಲ್ಲ ಕಟ್ಟಿದ್ದಾರಂತೆ. ಸ್ವಿಟ್ಜರ್ಲೆಂಡಿನಿಂದ ಬಂದವರಿಗೆ ಸರ್ಕಾರವೇ ಜಮೀನು ಕೊಟ್ಟಿತ್ತಂತೆ, ಆದರೂ ಅವರ ಹೆಸರು ಅಷ್ಟಾಗಿ ಕೇಳಿಬರಲ್ಲ. ಹೀಗೆ ಯಾಕೆ? ನಮ್ಮಂಥವರು ಅಲ್ಲಿಗೆ ಬಂದರೆ ಯಾವ ದಾರಿ ಹಿಡೀತೀವಿ?"

ಇದಕ್ಕೆ ಇಲ್ಲಿ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರ ಇರುತ್ತೆ. ಅರಬರು ಹುಟ್ಟಿನಿಂದಲೇ ವ್ಯಾಪಾರಿಗಳು, ಸ್ವಿಸ್ಸರು ಶಿಸ್ತಿನ ಜನ, ಅಷ್ಟೇ ಅನ್ನುತ್ತಾರೆ. ಆ ಮಾತನ್ನು ದಯವಿಟ್ಟು ನಂಬಬೇಡ. ಯಾರು ಯಾವಾಗ ಬಂದರು, ಬಂದಾಗ ಕೈಗೆ ಏನು ಸಿಕ್ಕಿತು, ಯಾವ ಬಾಗಿಲು ಮುಚ್ಚಿತ್ತು ಅಂತ ನೋಡಿದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತೆ. ಇಷ್ಟು ವರ್ಷ ಸಾಂಟಿಯಾಗೋದಲ್ಲೇ ಇದ್ದು ನನಗೆ ಮನವರಿಕೆ ಆಗಿರೋದು ಇದು.

ಮೊದಲು ಸ್ವಿಸ್ಸರ ವಿಷಯ. ದಕ್ಷಿಣದ ಅರೌಕಾನಿಯಾ ಇಲ್ಲಿಯ ಮೂಲನಿವಾಸಿಗಳಾದ ಮಪುಚೆ ಜನರ ನೆಲ. ಸ್ಪೇನಿನವರಿಗೂ ಅದು ಪೂರ್ತಿ ದಕ್ಕಿರಲಿಲ್ಲ. 1883ರ ಹೊತ್ತಿಗೆ ಚಿಲಿಯ ಸೈನ್ಯ ಅದನ್ನು ಪೂರ್ತಿಯಾಗಿ ಹಿಡಿಯಿತು. ಹಿಡಿದ ನೆಲದಲ್ಲಿ ಯುರೋಪಿನ ರೈತರನ್ನು ತಂದು ಕೂರಿಸಬೇಕು ಅನ್ನೋದು ಸರ್ಕಾರದ ಲೆಕ್ಕ. ಅದಕ್ಕಾಗಿ ಯುರೋಪಿನಲ್ಲೇ ಕಚೇರಿ ತೆರೆದು ಜನರನ್ನು ಸೇರಿಸಿದರು. ಆಗ ಸ್ವಿಟ್ಜರ್ಲೆಂಡ್ ಈಗಿನ ಹಾಗೆ ಶ್ರೀಮಂತ ದೇಶ ಆಗಿರಲಿಲ್ಲ. ಬೆಳೆಗೆ ಬೆಲೆ ಇಲ್ಲದೆ, ಕೆಲಸ ಇಲ್ಲದೆ ಹಳ್ಳಿಹಳ್ಳಿಯಿಂದ ಜನ ಹೊರಟಿದ್ದ ಕಾಲ ಅದು. 1883ರ ಕೊನೆಯಿಂದ ಶುರುವಾಗಿ ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಹಡಗಿನಲ್ಲಿ ಬಂದು ಟ್ರೈಗೆನ್, ವಿಕ್ಟೋರಿಯಾ, ಎರ್ಸಿಯಾ ಕಡೆ ಇಳಿದರು. ಒಂದೊಂದು ಸಂಸಾರಕ್ಕೆ 40 ಹೆಕ್ಟೇರ್ ಜಮೀನು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 100 ಎಕರೆ. ಗಂಡು ಮಕ್ಕಳಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ಜೋಡಿ ಎತ್ತು, ಬಿತ್ತನೆ ಬೀಜ, ಮನೆ ಕಟ್ಟೋಕೆ ಹಲಗೆ ಮತ್ತು ಮೊಳೆ. ಇವೆಲ್ಲ ಪುಕ್ಕಟೆ ಅಲ್ಲ, ನಿಧಾನವಾಗಿ ತೀರಿಸಬೇಕಾದ ಸಾಲ.

ನನ್ನ ಆಫೀಸಿನಲ್ಲಿ ಟ್ರೈಗೆನ್ ಕಡೆಯ ಸಹೋದ್ಯೋಗಿ ಒಬ್ಬರಿದ್ದಾರೆ. ಅವರ ಮುತ್ತಜ್ಜ ಊರಲ್ಲಿ ಬಡಗಿ. ನೇಗಿಲು ಹಿಡಿದವರೇ ಅಲ್ಲ. ಬಂದವರಲ್ಲಿ ಹೀಗೆ ಕಾರ್ಖಾನೆ ಕೆಲಸದವರು, ಕುಶಲಕರ್ಮಿಗಳು ಎಷ್ಟೋ ಜನ ಇದ್ದರು. ಕಾಡು ಕಡಿದ ನೆಲ, ಎಲ್ಲಿ ನೋಡಿದರೂ ಮರದ ಬುಡ. ಮೊದಲ ಚಳಿಗಾಲದ ಮಳೆಗೇ ಎಷ್ಟೋ ಮಂದಿ ಎದೆಗುಂದಿ ಪಟ್ಟಣಕ್ಕೆ ಓಡಿದರು. ಉಳಿದವರು ಗೋಧಿ ಬೆಳೆದರು, ಕೆಲವು ದಶಕ ಒಳ್ಳೆಯ ದುಡ್ಡೂ ನೋಡಿದರು. ಆ ಪ್ರದೇಶಕ್ಕೆ ಚಿಲಿಯ ಕಣಜ ಅಂತಲೇ ಹೆಸರಾಗಿತ್ತು. ಆದರೆ ಇಳಿಜಾರಿನ ನೆಲದಲ್ಲಿ ವರ್ಷ ವರ್ಷ ಬರೀ ಗೋಧಿ ಹಾಕಿದರೆ ಮಣ್ಣು ಎಷ್ಟು ದಿನ ತಡೆದೀತು? ಮಣ್ಣು ಕೊಚ್ಚಿಹೋಯಿತು, ಇಳುವರಿ ಇಳಿಯಿತು. ಅಕ್ಕಪಕ್ಕದ ಜಮೀನು ಕೊಂಡು ದೊಡ್ಡ ಹಿಡುವಳಿ ಮಾಡಿಕೊಂಡವರು ಉಳಿದರು. ಮಿಕ್ಕವರ ಮಕ್ಕಳು ಓದಿ ಊರು ಬಿಟ್ಟರು. 1974ರ ಅರಣ್ಯ ಕಾನೂನು ನೆಡುತೋಪಿಗೆ ಸಹಾಯಧನ ಕೊಟ್ಟ ಮೇಲೆ ಎಷ್ಟೋ ಗೋಧಿ ಹೊಲ ಪೈನ್, ನೀಲಗಿರಿ ತೋಪಾಯಿತು. ಇವತ್ತು ಅರೌಕಾನಿಯಾ ಚಿಲಿಯ ಅತಿ ಬಡ ಪ್ರದೇಶಗಳಲ್ಲಿ ಒಂದು.

ಪ್ಯಾಲೆಸ್ತೀನಿಯರ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವರನ್ನು ಯಾರೂ ಕರೆದಿರಲಿಲ್ಲ. 19ನೇ ಶತಮಾನದ ಕೊನೆಯಿಂದ 1930ರ ಆಸುಪಾಸಿನವರೆಗೆ ಬೆತ್ಲೆಹೆಮ್, ಬೇತ್ ಜಾಲಾ, ಬೇತ್ ಸಹೂರ್ ಎಂಬ ಮೂರು ಅಕ್ಕಪಕ್ಕದ ಊರುಗಳಿಂದಲೇ ಹೆಚ್ಚಿನವರು ಬಂದರು. ಬಹುಪಾಲು ಆರ್ಥೊಡಾಕ್ಸ್ ಕ್ರೈಸ್ತರು. 1909ರಲ್ಲಿ, ಆಗ ಆ ಊರುಗಳನ್ನು ಆಳುತ್ತಿದ್ದ ತುರ್ಕಿ ಸಾಮ್ರಾಜ್ಯ ಕ್ರೈಸ್ತ ಯುವಕರನ್ನೂ ಸೈನ್ಯಕ್ಕೆ ಸೇರಿಸುವ ಕಾನೂನು ತಂದಿತು. ಅದನ್ನು ತಪ್ಪಿಸಿಕೊಳ್ಳೋಕೆ ಮನೆಯವರೇ ಹುಡುಗರನ್ನು ಹಡಗು ಹತ್ತಿಸಿದರು. ಮೆಡಿಟರೇನಿಯನ್ ದಾಟಿ, ಬ್ಯೂನಸ್ ಐರಿಸ್‌ನಲ್ಲಿ ಇಳಿದು, ಆಂಡೀಸ್ ಪರ್ವತ ದಾಟಿ ಈ ಕಡೆ ಬಂದರು. 1910ರಲ್ಲಿ ರೈಲು ಬರುವ ಮುಂಚೆ ಆ ದಾರಿಯಲ್ಲಿ ಹೇಸರಗತ್ತೆಯೇ ಗತಿ. ಕೈಯಲ್ಲಿ ತುರ್ಕಿ ಪಾಸ್‌ಪೋರ್ಟ್, ಹಾಗಾಗಿ ಇಲ್ಲಿಯ ಜನ ಅವರನ್ನು "ತುರ್ಕೊ" ಅಂದರು. ಪ್ರೀತಿಯಿಂದ ಅಂದದ್ದಲ್ಲ. ಪತ್ರಿಕೆಗಳಲ್ಲೂ ಅವರ ಬಗ್ಗೆ ಕೆಟ್ಟದಾಗಿ ಬರೆಯುತ್ತಿದ್ದರು.

ಜಮೀನಿಲ್ಲ, ಭಾಷೆ ಬರಲ್ಲ, ಕೆಲಸ ಕೊಡುವವರಿಲ್ಲ. ಉಳಿದದ್ದು ತಲೆಹೊರೆ ವ್ಯಾಪಾರ. ಸೂಜಿ, ದಾರ, ಗುಂಡಿ, ಬಾಚಣಿಗೆ, ಬಟ್ಟೆ ತುಂಬಿದ ಗಂಟು ಹೊತ್ತು ಹಳ್ಳಿಹಳ್ಳಿ ತಿರುಗಿದರು. ದೊಡ್ಡ ಜಮೀನ್ದಾರರ ಎಸ್ಟೇಟಿನೊಳಗಿನ ಕೂಲಿಗಳಿಗೆ ಪೇಟೆ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅವರ ಬಾಗಿಲಿಗೇ ಸಾಮಾನು ತಂದು ಉದ್ರಿ ಕೊಟ್ಟವರು ಇವರು. ವಾರಕ್ಕೋ ತಿಂಗಳಿಗೋ ಕಂತು ವಸೂಲಿ. ನಾಲ್ಕು ಕಾಸು ಸೇರಿದ ಮೇಲೆ ಊರಲ್ಲೊಂದು ಸಣ್ಣ ಜವಳಿ ಅಂಗಡಿ. ಆಮೇಲೆ ತಮ್ಮನನ್ನೋ ಚಿಕ್ಕಪ್ಪನ ಮಗನನ್ನೋ ಕರೆಸಿ ಅವನ ಕೈಗೆ ಗಂಟು ಕೊಡೋದು, ಅವನಿಗೆ ಮೊದಲ ಸರಕು ಸಾಲಕ್ಕೆ. ಚಿಲಿಯ ಪ್ರತಿ ಊರಲ್ಲೂ ಒಬ್ಬ ಪಾದ್ರಿ, ಒಬ್ಬ ಪೊಲೀಸ್, ಒಬ್ಬ ಪ್ಯಾಲೆಸ್ತೀನಿಯ ಇರುತ್ತಾರೆ ಅನ್ನೋ ಮಾತು ಇಲ್ಲಿ ಈಗಲೂ ಚಾಲ್ತಿಯಲ್ಲಿದೆ.

ಆಮೇಲೆ ಕಾಲ ಕೂಡಿಬಂತು. 1929ರ ಜಾಗತಿಕ ಕುಸಿತ ಚಿಲಿಯನ್ನು ನೆಲಕ್ಕೆ ಹಾಕಿತು. ಗೊಬ್ಬರಕ್ಕೆ ಬಳಸುವ ನೈಟ್ರೇಟ್ ಉಪ್ಪಿನ ವ್ಯಾಪಾರ ಮುಳುಗಿತು. ಹೊರಗಿನ ಸಾಮಾನು ತರಿಸೋಕೆ ದೇಶದ ಬಳಿ ಡಾಲರ್ ಇಲ್ಲ. ಬಟ್ಟೆಯನ್ನು ಇಲ್ಲೇ ನೇಯಬೇಕು ಅಂತ ಸರ್ಕಾರ ಆಮದಿಗೆ ಭಾರಿ ಸುಂಕ ಹಾಕಿತು. ಬಟ್ಟೆ ಮಾರಿ ಗೊತ್ತಿದ್ದವರು, ಕೈಯಲ್ಲಿ ಉಳಿತಾಯ ಇದ್ದವರು ಆಗ ಯಾರು? ಇವರೇ ಅಲ್ವಾ! ಬೆತ್ಲೆಹೆಮ್ ಮೂಲದ ಯಾರೂರ್ ಮನೆತನ 1937ರಲ್ಲಿ ಸಾಂಟಿಯಾಗೋದಲ್ಲಿ ದೊಡ್ಡ ಹತ್ತಿ ಗಿರಣಿ ತೆರೆಯಿತು. ಸುಮಾರ್, ಹಿರ್ಮಾಸ್ ಮನೆತನಗಳೂ ಗಿರಣಿ ಕಟ್ಟಿದವು. ಒಂದೇ ತಲೆಮಾರಿನಲ್ಲಿ ಗಂಟಿನಿಂದ ಗಿರಣಿಗೆ. ಹತ್ತು ವರ್ಷ ಮುಂಚೆ ಅಥವಾ ನಲವತ್ತು ವರ್ಷ ತಡವಾಗಿ ಬಂದಿದ್ದರೆ ಇದೇ ಜನ, ಇದೇ ದುಡಿಮೆ ಇಟ್ಟುಕೊಂಡೂ ಇಷ್ಟು ಮೇಲೆ ಬರುತ್ತಿರಲಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನು ದಾವಣಗೆರೆಯವಳು. ಗಿರಣಿ ನಿಂತರೆ ಊರು ಏನಾಗುತ್ತೆ ಅಂತ ನೋಡಿ ಬೆಳೆದವಳು. ಅದಕ್ಕೇ ಇಲ್ಲಿಯ ಗಿರಣಿಗಳ ಮುಂದಿನ ಕಥೆ ನನಗೆ ತುಂಬಾ ಹತ್ತಿರ. 1971ರ ಏಪ್ರಿಲ್‌ನಲ್ಲಿ ಯಾರೂರ್ ಗಿರಣಿಯನ್ನು ಕಾರ್ಮಿಕರೇ ವಶಕ್ಕೆ ತಗೊಂಡರು, ಸಮಾಜವಾದಿ ಅಧ್ಯಕ್ಷ ಅಯೆಂದೆಯವರ ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಿತು. 1973ರಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಗಾಳಿ ಮಾಲೀಕರ ಕಡೆ ತಿರುಗಿತು. ಆದರೆ ಆ ಸರ್ಕಾರವೇ 1979ರ ಹೊತ್ತಿಗೆ ಆಮದು ಸುಂಕವನ್ನು ಶೇ. 10ಕ್ಕೆ ಇಳಿಸಿತು. ಹೊರಗಿನ ಅಗ್ಗದ ಬಟ್ಟೆಯ ಮುಂದೆ ಗಿರಣಿಗಳು ಒಂದೊಂದಾಗಿ ಸೋತವು. ಮೊದಲೇ ಬ್ಯಾಂಕು, ಕಟ್ಟಡ, ಅಂಗಡಿ ಅಂತ ದುಡ್ಡು ಹರಡಿದ್ದ ಮನೆತನಗಳು ಬಚಾವಾದವು. ಬಿಸಿಐ ಬ್ಯಾಂಕ್ ಇವತ್ತಿಗೂ ಯಾರೂರ್ ಮನೆತನದ್ದು. ನೀನು ಕೇಳಿದ ಮಾಲ್, 1982ರಲ್ಲಿ ತೆರೆದ ಪಾರ್ಕೆ ಅರೌಕೊ, ಸಯೀದ್ ಮನೆತನ ಕಟ್ಟಿದ್ದು. ನೇಯ್ಗೆ ಯಂತ್ರದ ಮುಂದೆ ದುಡಿದ ಕಾರ್ಮಿಕರಿಗೆ ಮಾತ್ರ ಇಂಥ ಎರಡನೇ ದಾರಿ ಇರಲಿಲ್ಲ. ಇದನ್ನೂ ನೆನಪಿಟ್ಟುಕೋ.

ಹಾಗಾದರೆ ಯಾರು ಮುಂದೆ, ಯಾರು ಹಿಂದೆ? ಕೆಲವು ದೊಡ್ಡ ಮನೆತನ ನೋಡಿ ಇಡೀ ಸಮುದಾಯ ಅಳೆಯಬೇಡ. ಪ್ಯಾಲೆಸ್ತೀನ್ ಮೂಲದವರು ಇಲ್ಲಿ ಸುಮಾರು 5 ಲಕ್ಷ ಅನ್ನೋದು ವಾಡಿಕೆಯ ಅಂದಾಜು. ಪಶ್ಚಿಮ ಏಷ್ಯಾದ ಹೊರಗೆ ಇಷ್ಟು ದೊಡ್ಡ ಪ್ಯಾಲೆಸ್ತೀನ್ ಸಮುದಾಯ ಬೇರೆಲ್ಲೂ ಇಲ್ಲ. ಸ್ವಿಸ್ ಮೂಲದವರು ಸುಮಾರು 1 ಲಕ್ಷ ಅನ್ನುತ್ತಾರೆ. ಎರಡೂ ಕಡೆ ಬಹುಪಾಲು ಜನ ಡಾಕ್ಟರು, ಮೇಷ್ಟ್ರು, ಅಂಗಡಿಯವರು, ಎಂಜಿನಿಯರು, ಅಂದರೆ ಮಧ್ಯಮ ವರ್ಗ. ರಾಜಕೀಯದಲ್ಲಿ ಸ್ವಿಸ್ ಕಡೆಯವರದೇ ಮೇಲುಗೈ ಅನ್ನಬಹುದು. ಅಧ್ಯಕ್ಷರಾಗಿದ್ದ ಎದ್ವಾರ್ದೊ ಫ್ರೇ ಮೊಂತಾಲ್ವಾ ಮತ್ತು ಆಮೇಲೆ ಅವರ ಮಗ, ಇಬ್ಬರಿಗೂ ತಂದೆಯ ಕಡೆಯಿಂದ ಸ್ವಿಸ್ ಮೂಲ. ಪ್ಯಾಲೆಸ್ತೀನ್ ಮೂಲದವರು ಇನ್ನೂ ಅಧ್ಯಕ್ಷರಾಗಿಲ್ಲ. ಆದರೆ ಎಡದಲ್ಲಿ ಸಾಂಟಿಯಾಗೋದ ರೆಕೊಲೆತಾ ಭಾಗದ ಕಮ್ಯುನಿಸ್ಟ್ ಮೇಯರ್ ಆಗಿದ್ದ ದಾನಿಯೆಲ್ ಹದುವೆ, ಬಲದಲ್ಲಿ ಸೆನೆಟರ್ ಆಗಿದ್ದ ಫ್ರಾನ್ಸಿಸ್ಕೊ ಚಾವಾನ್, ಹೀಗೆ ಎರಡೂ ತುದಿಯಲ್ಲಿ ಇದ್ದಾರೆ. ಪ್ಯಾಲೆಸ್ತೀನ್ ವಿಷಯ ಬಂದಾಗ ಇಬ್ಬರ ಮಾತೂ ಒಂದೇ.

ಸಮುದಾಯವಾಗಿ ಒಗ್ಗಟ್ಟಾಗಿ ಕಾಣೋದು ಪ್ಯಾಲೆಸ್ತೀನಿಯರು. ಅರೇಬಿಕ್ ಭಾಷೆ ಹೆಚ್ಚಿನ ಮನೆಗಳಲ್ಲಿ ಹೋಗಿಬಿಟ್ಟಿದೆ, ಮದುವೆಗಳೂ ಹೊರಗೆ ಆಗುತ್ತವೆ. ಆದರೂ 1920ರಲ್ಲಿ ಹುಟ್ಟಿದ ಪ್ಯಾಲೆಸ್ತೀನೊ ಫುಟ್‌ಬಾಲ್ ತಂಡ ಇವತ್ತಿಗೂ ಮೊದಲ ದರ್ಜೆಯಲ್ಲಿ ಆಡುತ್ತೆ. 1955 ಮತ್ತು 1978ರಲ್ಲಿ ಲೀಗ್ ಗೆದ್ದಿದೆ. 2014ರಲ್ಲಿ ಅಂಗಿ ಮೇಲಿನ 1ನೇ ಅಂಕಿಯನ್ನು ಹಳೆಯ ಪ್ಯಾಲೆಸ್ತೀನ್ ನಕ್ಷೆಯ ಆಕಾರದಲ್ಲಿ ಹಾಕಿ ದಂಡ ಕಟ್ಟಿತು. ಸ್ವಿಸ್ ಮೂಲದವರಿಗೆ ಶಾಲೆ ಇದೆ, ಕ್ಲಬ್ಬುಗಳಿವೆ, ಆದರೆ ಈ ಉರಿ ಇಲ್ಲ.

ಇದಕ್ಕೆ ಕಾರಣ ಸ್ವಭಾವ ಅಲ್ಲ. ನನ್ನ ಟ್ರೈಗೆನ್ ಸಹೋದ್ಯೋಗಿ ಸ್ವಿಸ್ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ. ಹೊರದೇಶದಲ್ಲಿ ಹುಟ್ಟಿದ ಸ್ವಿಸ್ ಮಕ್ಕಳು 25 ವರ್ಷ ತುಂಬುವ ಮೊದಲು ಹೆಸರು ದಾಖಲಿಸಿದರೆ ಪೌರತ್ವ ಉಳಿಯುತ್ತೆ. ಮನೆಯವರು ತಲೆಮಾರು ತಪ್ಪದೆ ಆ ಕೆಲಸ ಮಾಡಿದ್ದರು. ನಾಳೆ ಜ್ಯೂರಿಕ್‌ಗೆ ಹೋಗಿ ಕೆಲಸ ಮಾಡಬೇಕು ಅಂದರೆ ಅವರನ್ನು ಯಾರೂ ತಡೆಯಲ್ಲ. ಪ್ಯಾಲೆಸ್ತೀನಿಯರಿಗೆ, ತುರ್ಕಿಯ ನಂತರ ಅವರ ನೆಲ ಆಳಿದ ಬ್ರಿಟಿಷರು 1925ರಲ್ಲಿ ತಂದ ಪೌರತ್ವ ಆದೇಶವೇ ಮುಳುವಾಯಿತು. ಹೊರದೇಶದಲ್ಲಿದ್ದ ಸಾವಿರಾರು ಜನಕ್ಕೆ ಹುಟ್ಟಿದ ಊರಿನ ಪೌರತ್ವವೇ ಸಿಗಲಿಲ್ಲ. ದುಡ್ಡು ಮಾಡಿ ವಾಪಸ್ ಹೋಗೋಣ ಅಂತ ಬಂದವರು ಇಲ್ಲೇ ಉಳಿಯಬೇಕಾಯಿತು. ಹೋಗೋಕೆ ಆಗದ ಊರನ್ನು ಜನ ಮರೆಯೋದು ಹೇಗೆ? ಸಾಂಟಿಯಾಗೋದ ಬಟ್ಟೆ ಪೇಟೆ ಪಾತ್ರೊನಾತೊದಲ್ಲಿ ನಾನು ಪರದೆ ಬಟ್ಟೆ ತಗೊಳ್ಳುವ ಅಂಗಡಿಯ ಯಜಮಾನರು ಬೇತ್ ಜಾಲಾದ ಮೊಮ್ಮಗ. ಗಲ್ಲಾ ಹಿಂದೆ, ಥಾನುಗಳ ಮೇಲೆ, ಅಜ್ಜನ ಮನೆಯ ಕಲ್ಲಿನ ಗೋಡೆಯ ಫೋಟೋ ಹಾಕಿದ್ದಾರೆ. ಅವರು ಆ ಮನೆಯನ್ನು ಕಣ್ಣಾರೆ ನೋಡಿಲ್ಲ. ಅಕ್ಕಪಕ್ಕದ ಅಂಗಡಿಗಳು ಈಗ ಕೊರಿಯಾದವರದು, ಚೀನಾದವರದು.

ಎರಡು ವಿಷಯ ಇಲ್ಲಿ ಸುಮ್ನೆ ದಾಟಿಹೋಗೋಕೆ ನನಗೆ ಮನಸ್ಸಿಲ್ಲ. ಒಂದು, ಸ್ವಿಸ್ಸರಿಗೆ ಕೊಟ್ಟ ಆ ನೆಲ. ಮನೆಗೆ 40 ಹೆಕ್ಟೇರ್ ಹಂಚಿದ ಸರ್ಕಾರ, 1884ರಿಂದ 1929ರವರೆಗೆ ಮಪುಚೆ ಜನಕ್ಕೆ ಉಳಿಸಿದ್ದು ಒಟ್ಟು ಸುಮಾರು 5 ಲಕ್ಷ ಹೆಕ್ಟೇರ್. ತಲೆಗೆ ಸುಮಾರು 6 ಹೆಕ್ಟೇರ್ ಬಂತು. ಆ ಒಟ್ಟು ನೆಲ ಅವರ ಹಿಂದಿನ ನೆಲದ ಇಪ್ಪತ್ತರಲ್ಲಿ ಒಂದು ಪಾಲು. ಆ ಗಾಯ ಮಾಗಿಲ್ಲ. 2008ರ ಜನವರಿಯಲ್ಲಿ ಅರೌಕಾನಿಯಾದ ವಿಲ್ಕುನ್ ಹತ್ತಿರ, ಸ್ವಿಸ್ ಮೂಲದ ಮನೆತನದ ಜಮೀನಿನಲ್ಲಿ ಮಪುಚೆ ವಿದ್ಯಾರ್ಥಿಯೊಬ್ಬ ಪೊಲೀಸ್ ಗುಂಡಿಗೆ ಸತ್ತ. ಸರಿಯಾಗಿ ಐದು ವರ್ಷಕ್ಕೆ ಅದೇ ಮನೆತನದ ವೃದ್ಧ ದಂಪತಿಯನ್ನು ಮನೆಗೆ ಬೆಂಕಿ ಹಚ್ಚಿ ಕೊಂದರು. ಯಾವ ಸಾವಿಗೂ ನ್ಯಾಯ ಅಂತ ಹೆಸರಿಡೋಕೆ ನನ್ನಿಂದ ಆಗಲ್ಲ. ಬಡತನದಿಂದ ಓಡಿಬಂದವರ ಮುಂದೆ ಬೇರೆಯವರ ನೆಲ ಇಟ್ಟು ಇದು ನಿಮ್ಮದು ಅಂದವರು ಯಾರು ಅಂತ ಮಾತ್ರ ಕೇಳಬೇಕು.

ಇನ್ನೊಂದು, 2008ರಲ್ಲೇ ಬಂದ 117 ಪ್ಯಾಲೆಸ್ತೀನ್ ನಿರಾಶ್ರಿತರು. ಇರಾಕ್ ಯುದ್ಧದಿಂದ ಓಡಿ, ಸಿರಿಯಾ ಗಡಿಯ ಅಲ್ ತಾನ್ಫ್ ಎಂಬ ಮರುಭೂಮಿ ಶಿಬಿರದಲ್ಲಿ ಸಿಕ್ಕಿಹಾಕಿಕೊಂಡಿದ್ದವರು. ಇಲ್ಲಿಯ ಸಮುದಾಯ ಅವರ ಕೈ ಹಿಡಿಯಿತು. ಆದರೂ ಹಳಬರ ಏಣಿ ಅವರಿಗೆ ಸಿಗಲಿಲ್ಲ. ಗಂಟು ಹೊತ್ತು ಉದ್ರಿ ಕೊಟ್ಟು ಮೇಲೆ ಬರುವ ಕಾಲ ಯಾವಾಗಲೋ ಮುಗಿದಿತ್ತು. ಜನ ಅವರೇ, ದೇಶವೂ ಇದೇ, ಆದರೆ ಬಂದ ಕಾಲ ಬೇರೆ. ನಾನು ಮೊದಲಿಂದ ಹೇಳ್ತಿರೋದೂ ಇದನ್ನೇ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ನಮ್ಮ ದೇಶದವರಲ್ಲಿ ಇಲ್ಲಿಗೆ ಮೊದಲು ಬಂದವರು ಸಿಂಧಿ ವ್ಯಾಪಾರಿಗಳು. ಪುಂತಾ ಅರೆನಾಸ್, ಇಕೀಕೆ ಊರುಗಳಲ್ಲಿ ಅವರ ಅಂಗಡಿಗಳಿವೆ. ನಾವು ಕನ್ನಡದವರು ಬೆರಳೆಣಿಕೆಯಷ್ಟು, ಬಂದವರೂ ಕಂಪನಿ ಕೆಲಸಕ್ಕೆ ಬಂದವರು. ನಮಗೆ ಜಮೀನೂ ಸಿಗಲ್ಲ, ಚಿಕ್ಕಪ್ಪನ ಅಂಗಡಿಯೂ ಇಲ್ಲ. ನಮ್ಮ ಕೈಲಿರೋದು ಡಿಗ್ರಿ ಮತ್ತು ಸಂಬಳ. ಅದು ಒಬ್ಬ ಮನುಷ್ಯನ ಕೆಲಸಕ್ಕೆ ಅಂಟಿಕೊಂಡಿರುತ್ತೆ, ಕೆಲಸ ಹೋದರೆ ಅದೂ ಹೋಯಿತು. ಅದಕ್ಕೇ ನಾನು ಹೇಳೋದು, ಹೆಂಡತಿಯೂ ಸ್ಪ್ಯಾನಿಷ್ ಕಲಿಯಲಿ, ಅವರ ಓದಿಗೂ ಇಲ್ಲಿ ಮಾನ್ಯತೆ ಮಾಡಿಸು. ಪ್ಯಾಲೆಸ್ತೀನಿಯರ ಮನೆಗಳಲ್ಲಿ ಅಂಗಡಿಯನ್ನು ಗಂಡ ಹೆಂಡತಿ ಇಬ್ಬರೂ ನಡೆಸುತ್ತಿದ್ದರು ಅನ್ನೋದನ್ನು ಹೊಗಳುವವರು ಮರೆತುಬಿಡುತ್ತಾರೆ.

ಕಂಪನಿಯವರು ಹೇಳದ ಒಂದು ಮಾತೂ ಇದೆ. ಇಲ್ಲಿ ಅಡ್ಡಹೆಸರಿಗೆ, ಓದಿದ ಶಾಲೆಗೆ ತುಂಬಾ ಬೆಲೆ. ಹೊಸಬರನ್ನು ಕಂಡ ಕೂಡಲೇ ಯಾವ ಶಾಲೆ ಅಂತ ಕೇಳುತ್ತಾರೆ. ಸ್ವಿಸ್ ಅಡ್ಡಹೆಸರು ಕೇಳಿದರೆ ಮೊದಲಿಂದಲೂ ಮರ್ಯಾದೆ ಇತ್ತು, ಅರಬ್ ಅಡ್ಡಹೆಸರಿಗೆ ಅದು ಬರೋಕೆ ಎರಡು ಮೂರು ತಲೆಮಾರು ಹಿಡಿಯಿತು. ಮಪುಚೆ ಅಡ್ಡಹೆಸರಿನವರಿಗೆ ಇವತ್ತಿಗೂ ಆ ಕಷ್ಟ ತಪ್ಪಿಲ್ಲ. ನಮ್ಮ ಹೆಸರು ಅವರಿಗೆ ಯಾವ ಪಟ್ಟಿಗೂ ಸೇರಲ್ಲ. ಅದು ಒಂದು ರೀತಿ ಒಳ್ಳೆಯದೇ. ಆದರೆ ಮಗುವನ್ನು ಭಾರತೀಯರು ಮಾತ್ರ ಇರುವ ಕೂಟದಲ್ಲೇ ಬೆಳೆಸಬೇಡ, ಇಲ್ಲಿಯ ಮಕ್ಕಳ ಜೊತೆ ಶಾಲೆಗೆ ಕಳಿಸು, ಭಾನುವಾರ ಮನೆಯಲ್ಲಿ ಕನ್ನಡ ಓದಿಸು.

ನಿನ್ನ ಪಾಸ್‌ಪೋರ್ಟ್ ತೆಗೆದು ಒಮ್ಮೆ ನೋಡು. ನಮ್ಮ ಕಡೆ ಬಹಳ ಜನಕ್ಕೆ ಇರುವ ಹಾಗೆ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಹೊರಡುವ ಮೊದಲೇ ಸರಿ ಮಾಡಿಸಿಕೋ. ಇಲ್ಲಿ ಎಲ್ಲ ಅರ್ಜಿಗಳಲ್ಲೂ ಅಪ್ಪನದೊಂದು, ಅಮ್ಮನದೊಂದು ಅಡ್ಡಹೆಸರು ಕೇಳುತ್ತಾರೆ. ಒಂದೂ ಇಲ್ಲದಿದ್ದರೆ ಗುರುತಿನ ಚೀಟಿಯಿಂದ ಬ್ಯಾಂಕ್ ಖಾತೆಯವರೆಗೆ ಎಲ್ಲಾ ಕಡೆ ಅಲೆದಾಟ. ಇಬ್ಬರ ಡಿಗ್ರಿ, ಮದುವೆ ಸರ್ಟಿಫಿಕೇಟ್, ಮಗುವಿನ ಜನನ ಪತ್ರ, ಎಲ್ಲಕ್ಕೂ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ ಹಾಕಿಸಿಕೊಂಡೇ ವಿಮಾನ ಹತ್ತಿ. ಬಂದ ಮೇಲೆ ಪಾತ್ರೊನಾತೊಗೆ ನಾನೇ ಕರೆದುಕೊಂಡು ಹೋಗ್ತೀನಿ, ಪರದೆ ಬಟ್ಟೆ ಅಲ್ಲೇ ಅಗ್ಗ.