ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ, ಅಂಕಿ ಚಕ್ರ ಇರುವ ಈ ಇಕ್ಕಳ ಯಾವ ಕೆಲಸದ್ದು?

ನೀವು ಬರೆದಿರುವುದು ಇಷ್ಟು. ಅಜ್ಜನ ಹಳೆ ಪೆಟ್ಟಿಗೆಯಲ್ಲಿ ಪ್ಲೈಯರ್ ತರಹದ ಭಾರವಾದ ವಸ್ತು ಸಿಕ್ಕಿದೆ. ಮೂತಿಯಲ್ಲಿ ಪುಟ್ಟ ಉಕ್ಕಿನ ಚಕ್ರ, ಅದರ ಮೇಲೆ 4ರಿಂದ 12ರವರೆಗೆ ಅಂಕಿಗಳು. ಹಿಡಿ ಒತ್ತಿದರೆ ಒಳಗಿಂದ ಒಂದು ಕಡ್ಡಿ ಬಂದು ಚಕ್ರಕ್ಕೆ ತಾಗುತ್ತದೆ, ಆದರೆ ಕಾಗದ ಇಟ್ಟು ಒತ್ತಿದರೆ ತೂತು ಬೀಳುವುದಿಲ್ಲ. ಚರ್ಮಕ್ಕೆ ತೂತು ಹಾಕುವುದಾ, ಬಂದೂಕಿನ ಗುಂಡು ಎರಕ ಹೊಯ್ಯುವುದಾ ಎಂದು ಕೇಳಿದ್ದೀರಿ.

ಎರಡೂ ಅಲ್ಲ. ಇದು ಕೈಗರಗಸದ ಹಲ್ಲುಗಳನ್ನು ಅಕ್ಕಪಕ್ಕಕ್ಕೆ ಬಾಗಿಸುವ ಉಪಕರಣ. ಬಡಗಿಗಳ ಬಾಯಲ್ಲಿ ಸಾ ಸೆಟ್. ನಾನು ಹಳೆ ಗರಗಸಗಳನ್ನು ಸರಿ ಮಾಡಿ ಬಳಸುವವನು, ಇದು ದಿನಾ ನನ್ನ ಕೈಯಲ್ಲಿರುವ ವಸ್ತು, ಹಾಗಾಗಿ ನೀವು ಬರೆದದ್ದು ಓದಿದ ತಕ್ಷಣ ಗುರುತು ಸಿಕ್ಕಿತು.

ಬೇರೆಯವು ಯಾಕಲ್ಲ ಅಂದರೆ, ಚರ್ಮಕ್ಕೆ ತೂತು ಹಾಕುವ ಇಕ್ಕಳದಲ್ಲೂ ತಿರುಗುವ ಚಕ್ರ ಇರುತ್ತದೆ ನಿಜ, ಆದರೆ ಅದರ ಸುತ್ತ ಬೇರೆ ಬೇರೆ ಗಾತ್ರದ ಟೊಳ್ಳು ಕೊಳವೆಗಳು ಎದ್ದು ನಿಂತಿರುತ್ತವೆ. ಗುಂಡಿನ ಅಚ್ಚಿನಲ್ಲಿ ಎರಡು ಅರ್ಧಗಳು ಮುಚ್ಚಿಕೊಂಡು ನಡುವೆ ಗುಳಿ ಇರಲೇಬೇಕು, ಸೀಸ ಹೊಯ್ಯುವ ದಾರಿಯೂ ಬೇಕು. ನಿಮ್ಮದರಲ್ಲಿ ಟೊಳ್ಳೂ ಇಲ್ಲ, ಗುಳಿಯೂ ಇಲ್ಲ. ಗೊತ್ತಿಲ್ಲದ ಹಳೆ ಉಪಕರಣ ಕೈಗೆ ಬಂದಾಗ ನಾನು ಅದರ ಆಕಾರ ನೋಡಿ ಊಹೆ ಮಾಡುವುದಿಲ್ಲ. ಒತ್ತಿದ ಬಲ ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ, ಯಾವ ಭಾಗವನ್ನು ಹೊಂದಿಸಲು ಬರುತ್ತದೆ, ಎಲ್ಲಿ ಸವೆದಿದೆ, ಈ ಮೂರನ್ನು ನೋಡುತ್ತೇನೆ. ನಿಮ್ಮದರಲ್ಲಿ ಬಲವೆಲ್ಲ ಚಕ್ರದ ಅಂಚಿನ ಒಂದು ಚೂರು ಜಾಗಕ್ಕೆ ಹೋಗುತ್ತದೆ. ಹೊಂದಿಸಲು ಬರುವುದು ಚಕ್ರ ಮಾತ್ರ. ಅಂದರೆ ಏನೋ ತೀರ ಚಿಕ್ಕದನ್ನು, ಅಳತೆ ಪ್ರಕಾರ, ಮುರಿಯದ ಹಾಗೆ ಬಾಗಿಸುವ ಕೆಲಸ. ಗರಗಸದ ಹಲ್ಲು ಬಿಟ್ಟರೆ ಇದಕ್ಕೆ ಹೊಂದುವುದು ಬೇರೆ ಸಿಗಲ್ಲ.

ಖಾತ್ರಿ ಮಾಡಿಕೊಳ್ಳಬೇಕಾ? ಚಕ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಸ್ವಲ್ಪ ಇಳಿಜಾರಾಗಿ ಕತ್ತರಿಸಿದ ಹಾಗಿರುತ್ತದೆ, ಚಕ್ರ ತಿರುಗಿಸುತ್ತಾ ಹೋದಂತೆ ಆ ಇಳಿಜಾರಿನ ಅಗಲ ಬದಲಾಗುತ್ತದೆ. ಕಮ್ಮಾರನ ಅಡಿಗಲ್ಲಿನ ಹಾಗೆ, ಹಲ್ಲು ಒತ್ತಿಸಿಕೊಳ್ಳುವ ಜಾಗ ಅದೇ. ಮುಂದೆ ಬರುವ ಕಡ್ಡಿಯೇ ಸುತ್ತಿಗೆ. ಇನ್ನೊಂದು ಪರೀಕ್ಷೆ: ದಪ್ಪ ರಟ್ಟಿನ ಅಂಚನ್ನು ಮೂತಿಯೊಳಗೆ ಇಟ್ಟು ಒತ್ತಿ. ತೂತಿನ ಬದಲು ಅಂಚಿನಲ್ಲಿ ಮಾತ್ರ ಸಣ್ಣ ತಗ್ಗು ಬಿದ್ದರೆ ಅನುಮಾನವೇ ಬೇಡ. ಕಡ್ಡಿ ನಿಜಕ್ಕೂ ಒಂದೇನಾ ಅಂತಲೂ ನೋಡಿ. ಒಳ್ಳೆಯ ಸಾ ಸೆಟ್‌ಗಳಲ್ಲಿ ಎರಡು ಇರುತ್ತವೆ: ಮೊದಲನೆಯದು ಅಲಗನ್ನು ಅಲುಗದಂತೆ ಒತ್ತಿ ಹಿಡಿಯುತ್ತದೆ, ಹಿಡಿಯನ್ನು ಇನ್ನಷ್ಟು ಅದುಮಿದಾಗ ಎರಡನೆಯದು ಬಂದು ಹಲ್ಲನ್ನು ದೂಡುತ್ತದೆ. ಒಂದೇ ಒತ್ತಿನಲ್ಲಿ ಎರಡು ಕೆಲಸ. ಇದನ್ನು ಯೋಚಿಸಿದವರ ತಲೆ ನನಗೆ ಬಹಳ ಇಷ್ಟ.

ಹಲ್ಲನ್ನು ಯಾಕೆ ಬಾಗಿಸಬೇಕು ಅಂತ ನೀವು ಕೇಳಿಲ್ಲ, ಆದರೆ ಅದು ಗೊತ್ತಾದರೇ ಈ ವಸ್ತುವಿನ ಬೆಲೆ ಗೊತ್ತಾಗುವುದು. ಹಲ್ಲುಗಳೆಲ್ಲ ನೆಟ್ಟಗೆ ಒಂದೇ ಸಾಲಿನಲ್ಲಿದ್ದರೆ ಗರಗಸ ಮರದಲ್ಲಿ ಮಾಡುವ ಗೀರು ಅಲಗಿನಷ್ಟೇ ಅಗಲ ಇರುತ್ತದೆ. ಸ್ವಲ್ಪ ಆಳಕ್ಕೆ ಹೋದ ಕೂಡಲೇ ಎರಡೂ ಬದಿಯಿಂದ ಮರ ಅಲಗನ್ನು ಕಚ್ಚಿಕೊಳ್ಳುತ್ತದೆ, ಹೊಟ್ಟು ಹೊರಗೆ ಬರಲು ದಾರಿ ಇಲ್ಲ, ಅಲಗು ಬಿಸಿಯಾಗುತ್ತದೆ, ಕೊನೆಗೆ ಎಳೆದರೂ ಬರಲ್ಲ ದೂಡಿದರೂ ಹೋಗಲ್ಲ. ಅದಕ್ಕೇ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಬಾಗಿಸುತ್ತಾರೆ. ಉದಾಹರಣೆಗೆ ಅಲಗು 0.9 ಮಿಲಿಮೀಟರ್ ದಪ್ಪ ಇದ್ದು, ಪ್ರತಿ ಬದಿಗೆ ಬರೀ 0.15 ಮಿಲಿಮೀಟರ್ ಬಾಗಿಸಿದರೆ ಗೀರು 1.2 ಮಿಲಿಮೀಟರ್ ಆಗುತ್ತದೆ. ಅಷ್ಟು ಸಾಕು, ಅಲಗು ಸಲೀಸಾಗಿ ಓಡಾಡುತ್ತದೆ. ಹಸಿ ಮರಕ್ಕೂ ಮೆತ್ತನೆ ಮರಕ್ಕೂ ಸ್ವಲ್ಪ ಜಾಸ್ತಿ ಬಾಗು ಬೇಕು, ಒಣಗಿದ ಗಟ್ಟಿ ಮರಕ್ಕೆ ಕಡಿಮೆ. ಇದು ಹೊಸ ವಿದ್ಯೆಯೂ ಅಲ್ಲ. ಹಸಿ ಮರದಲ್ಲಿ ಹೊಟ್ಟು ತುಂಬಿಕೊಳ್ಳುತ್ತದೆ, ಅದಕ್ಕೇ ಹಲ್ಲುಗಳನ್ನು ಒಂದು ಬಿಟ್ಟು ಒಂದು ಬಾಗಿಸುತ್ತಾರೆ ಎಂದು ರೋಮಿನ ಲೇಖಕ ಪ್ಲಿನಿ ಮೊದಲನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ಅಂಕಿಗಳ ವಿಷಯ. ಅವು ಒಂದು ಇಂಚಿನಲ್ಲಿ ಎಷ್ಟು ಹಲ್ಲಿನ ತುದಿಗಳಿವೆ ಎನ್ನುವ ಲೆಕ್ಕ. ಒಂದು ತುದಿಯ ಮೇಲೆ ಸ್ಕೇಲ್ ಇಟ್ಟು, ಅದನ್ನೂ ಸೇರಿಸಿ, 1 ಇಂಚಿನೊಳಗೆ ಬರುವ ಎಲ್ಲ ತುದಿಗಳನ್ನು ಎಣಿಸಿ. 8 ಬಂದರೆ ಚಕ್ರದ 8ನ್ನು ಕಡ್ಡಿಯ ಎದುರಿಗೆ ತಂದು ತಿರುಪು ಬಿಗಿ ಮಾಡಬೇಕು. ಅಂಕಿ ಚಿಕ್ಕದಾದಷ್ಟೂ ಹಲ್ಲು ದೊಡ್ಡದು, ಬಾಗುವುದೂ ಜಾಸ್ತಿ. ಆದರೆ ಈ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ನನ್ನ ಅನುಭವದಲ್ಲಿ ಒಣ ಮರಕ್ಕೆ ಅದು ಹೇಳುವ ಬಾಗು ಹೆಚ್ಚೇ ಆಗುತ್ತದೆ, 8 ತುದಿಯ ಗರಗಸಕ್ಕೆ ನಾನು 10ಕ್ಕೆ ಇಟ್ಟುಕೊಂಡೇ ಶುರು ಮಾಡುವುದು. ಕಮ್ಮಿಯಾದರೆ ಇನ್ನೊಮ್ಮೆ ಒತ್ತಬಹುದು. ಜಾಸ್ತಿ ಬಾಗಿದ್ದನ್ನು ವಾಪಸ್ ತರುವುದು ಕಷ್ಟ.

ಯಾರು ಮಾಡಿದ್ದು ಎಂದೂ ಕೇಳಿದ್ದೀರಿ, ಅಕ್ಷರ ಅಳಿಸಿಹೋಗಿದೆ ಎಂದಿದ್ದೀರಿ. ಇಂಗ್ಲೆಂಡಿನ ಶೆಫೀಲ್ಡ್‌ನ ಎಕ್ಲಿಪ್ಸ್ 77 ಮತ್ತು ಅಮೆರಿಕದ ಸ್ಟ್ಯಾನ್ಲಿ 42, ಈ ಎರಡು ಬಹಳ ಹೆಸರಾದವು. ಸ್ಟ್ಯಾನ್ಲಿಯದ್ದು ಪಿಸ್ತೂಲಿನ ಹಾಗೆ ಹಿಡಿಯುವ ಆಕಾರ. ಅಂಕಿ 4ರಿಂದ 12 ಎಂದಿರುವುದರಿಂದ ನನಗೆ ಎಕ್ಲಿಪ್ಸ್ ಕಡೆಗೇ ಒಲವು. ತುಕ್ಕಿನ ಕೆಳಗೆ ಅಕ್ಷರ ಉಳಿದಿರಬಹುದು, ಆದ್ದರಿಂದ ದಯವಿಟ್ಟು ಉಜ್ಜುವ ಕಾಗದ, ಗ್ರೈಂಡರ್ ಹಿಡಿದು ಹೋಗಬೇಡಿ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ, ಆಮೇಲೆ ತೆಳ್ಳಗೆ ಎಣ್ಣೆ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟರೆ ಸವೆದ ಅಕ್ಷರವೂ ಕಾಣುತ್ತದೆ. ಪೇಟೆಂಟ್ ಇಸವಿ ಸಿಕ್ಕರೆ ಅದನ್ನೇ ತಯಾರಾದ ವರ್ಷ ಅಂದುಕೊಳ್ಳಬೇಡಿ, ಆಮೇಲೂ ವರ್ಷಗಟ್ಟಲೆ ಅದೇ ಇಸವಿಯನ್ನು ಅಚ್ಚೊತ್ತುತ್ತಲೇ ಇರುತ್ತಾರೆ.

ಸುಮ್ನೆ ಶೋಕೇಸಿನಲ್ಲಿ ಇಡಬೇಡಿ, ಬಳಸಿ. ಅಜ್ಜನ ಗರಗಸವೂ ಮನೆಯಲ್ಲಿದ್ದರೆ ಹಲ್ಲು ಮೇಲೆ ಬರುವಂತೆ ಅದನ್ನು ಬೈಸಿಗೆ, ಅಂದರೆ ವಸ್ತುವನ್ನು ಅಲುಗದಂತೆ ಬಿಗಿದು ಹಿಡಿಯುವ ಉಪಕರಣಕ್ಕೆ, ಕಚ್ಚಿಸಿ. ಹಲ್ಲುಗಳ ಎತ್ತರ ಏರುಪೇರಾಗಿದ್ದರೆ ಮೊದಲು ಚಪ್ಪಟೆ ಅರದಿಂದ ಸಮ ಮಾಡಿ, ತ್ರಿಕೋನ ಅರದಿಂದ ಆಕಾರ ಸರಿಪಡಿಸಿ. ಆಮೇಲೆ ಬಾಗು, ಕೊನೆಗೆ ಹರಿತ. ಬಾಗಿಸುವಾಗ ಒಂದು ಬಿಟ್ಟು ಒಂದು ಹಲ್ಲು, ಎಲ್ಲದಕ್ಕೂ ಒಂದೇ ಸಮನಾದ ಒತ್ತು, ಸಾಲು ಮುಗಿದ ಮೇಲೆ ಗರಗಸ ತಿರುಗಿಸಿ ಉಳಿದವು. ಹಲ್ಲಿನ ಮೇಲಿನ ಅರ್ಧ ಮಾತ್ರ ಬಾಗಬೇಕು, ಬುಡದಿಂದ ಬಾಗಿದರೆ ಬುಡದಲ್ಲೇ ಬಿರುಕು. ಮೊದಲೇ ಎಡಕ್ಕೆ ಬಾಗಿರುವ ಹಲ್ಲನ್ನು ಬಲಕ್ಕೆ ತಿರುಗಿಸಲು ಹೋಗಲೇಬೇಡಿ, ಮುರಿಯುತ್ತದೆ. ಎರಡು ಸಾಲಿನ ನಡುವೆ ಸಣ್ಣ ಕಾಲುವೆ ತರಹ ಆಗಿರುತ್ತದಲ್ವಾ, ಅದರಲ್ಲಿ ಒಂದು ಸೂಜಿ ಇಟ್ಟು ಗರಗಸ ಓರೆ ಮಾಡಿ. ಈ ತುದಿಯಿಂದ ಆ ತುದಿಗೆ ಎಲ್ಲೂ ಬೀಳದೆ ಜಾರಿದರೆ ಕೆಲಸ ಚೆನ್ನಾಗಿ ಆಗಿದೆ.

ಇದನ್ನು ಹೊಸ ಗರಗಸದ ಮೇಲೆ ಪ್ರಯೋಗ ಮಾಡಬೇಡಿ. ಹಲ್ಲಿನ ತುದಿ ಮಾತ್ರ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಕಾರ್ಖಾನೆಯಲ್ಲೇ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅದಕ್ಕೆ ಅರ ಹಿಡಿಯಲ್ಲ, ಬಾಗಿಸಿದರೆ ಪಟ್ ಅಂತ ಮುರಿಯುತ್ತದೆ. ಅಂಥವು ಮೊಂಡಾದರೆ ಎಸೆಯುವುದಷ್ಟೇ. ಅವೇ ಎಲ್ಲೆಡೆ ಬಂದ ಮೇಲೆ ಸಾ ಸೆಟ್ ಬೇಕಾಗುವ ಕೈಗಳು ಕಡಿಮೆಯಾದವು, ಅದಕ್ಕೇ ಇವತ್ತು ಪೆಟ್ಟಿಗೆ ತೆಗೆದವರಿಗೆ ಇದು ಒಗಟು.

ಇನ್ನೊಂದು ಮಾತು. ಆ ಪೆಟ್ಟಿಗೆಯನ್ನು ಮತ್ತೊಮ್ಮೆ ಜಾಲಾಡಿ. ಅಂಚಿನಲ್ಲಿ ಬೇರೆ ಬೇರೆ ಅಗಲದ ಸೀಳುಗಳಿರುವ ಚಪ್ಪಟೆ ಕಬ್ಬಿಣದ ಪಟ್ಟಿ ಏನಾದರೂ ಇದ್ದರೆ ಗುಜರಿಗೆ ಹಾಕಬೇಡಿ. ಅದೂ ಇದೇ ಕೆಲಸದ್ದು, ಇದಕ್ಕಿಂತ ಹಳೆಯ ರೀತಿ: ಹಲ್ಲಿನ ದಪ್ಪಕ್ಕೆ ಹೊಂದುವ ಸೀಳನ್ನು ಹಲ್ಲಿಗೆ ಸಿಕ್ಕಿಸಿ ಕೈಯಿಂದಲೇ ಬಾಗಿಸುತ್ತಿದ್ದರು. ಸಿಕ್ಕರೆ ಅದರ ಫೋಟೋ ಹಾಕಿ. ಚಕ್ರದ ಅಂಚಿನದ್ದೂ ಹತ್ತಿರದಿಂದ ಒಂದು ಹಾಕಿ, ಸವೆದಿದೆಯಾ ಇನ್ನೂ ಕೆಲಸಕ್ಕೆ ಬರುತ್ತದಾ ಎಂದು ನೋಡಿ ಹೇಳುತ್ತೇನೆ.