ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಸುಸ್ತು ಇದ್ದರೆ ಅದು ಬರೀ ಮನಸ್ಸಿನ ಕಾಯಿಲೆಯಾ?

ಖಂಡಿತ ಅಲ್ಲ. ಆಸ್ಟ್ರೇಲಿಯಾದ ಡಬ್ಬೊ ಊರಿನ ಕಡೆ 253 ರೋಗಿಗಳನ್ನು ಸೋಂಕಿನ ಶುರುವಿನಿಂದಲೇ ಗಮನಿಸುತ್ತಾ ಬಂದರು, ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸೋಂಕುಗಳು ಮೂರು: ಕತ್ತಿನ ಗ್ರಂಥಿ ಊದಿಸುವ ಎಪ್‌ಸ್ಟೀನ್-ಬಾರ್ ವೈರಸ್, ಸೊಳ್ಳೆಯಿಂದ ಬರುವ ರಾಸ್ ರಿವರ್ ವೈರಸ್, ದನ-ಕುರಿಗಳಿಂದ ಹರಡುವ ಕ್ಯೂ ಜ್ವರ (ಇದು ಬ್ಯಾಕ್ಟೀರಿಯಾದ್ದು). ರೋಗಾಣು ಯಾವುದೇ ಇರಲಿ, ಆರು ತಿಂಗಳಾದರೂ ಸುಮಾರು 12% ಜನರಿಗೆ ವಿಪರೀತ ಸುಸ್ತು, ಮೈಕೈ ನೋವು, ತಲೆಗೆ ಮಂಕು ಕವಿದ ಹಾಗೆ ಆಗೋದು ಉಳಿದೇ ಇತ್ತು. ಅವರಲ್ಲಿ ಬಹುತೇಕರದ್ದು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ಸುಸ್ತಿನ ಕಾಯಿಲೆ. ಯಾರಿಗೆ ಹೀಗೆ ಉಳಿಯುತ್ತೆ ಅನ್ನೋದಕ್ಕೆ ಸುಳಿವು ಕೊಟ್ಟಿದ್ದು ಮೊದಲ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನೋದು, ಮುಂಚೆ ಖಿನ್ನತೆ ಇತ್ತಾ ಅನ್ನೋದಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಾಗಾಗಿ ಮನೆಯವರು "ಸುಮ್ನೆ ಎದ್ದು ಓಡಾಡು" ಅಂತ ಗದರಬೇಡಿ, ಈ ಕಾಯಿಲೆಯಲ್ಲಿ ಮೈಮೀರಿ ದುಡಿದರೆ ಮರುದಿನ ಸುಸ್ತು ಇನ್ನೂ ಜಾಸ್ತಿಯಾಗುತ್ತದೆ.