ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಕಿಲೋಮೀಟರ್ ಭಾಗಿಸಿ ಟಿಕೆಟ್ ತಗೋಬೇಡಿ

ಸರ್, ಅಪ್ಪ ಅಮ್ಮನನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸುವ ಬಗ್ಗೆ ಹಾಕಿದ ಪೋಸ್ಟ್‌ನಲ್ಲಿ ನೀವು 14,000 ಕಿ.ಮೀ. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ಪ್ರಯಾಣ ಹದಿನೈದೂವರೆ ಗಂಟೆ ಅಂತ ಬರೆದಿದ್ದೀರಿ. ಅದೇ ಲೆಕ್ಕ ನಂಬಿ ಅವರಿಗೆ ಚಿಕಾಗೊದಲ್ಲಿ ವಿಮಾನ ಬದಲಿಸಲು ಬರೀ ಒಂದೂಕಾಲು ಗಂಟೆ ಗ್ಯಾಪ್ ಇರುವ ಟಿಕೆಟ್ ನೋಡುತ್ತಿದ್ದೀರಿ. ದಯವಿಟ್ಟು ಬೇಡ. ನಮ್ಮ ಅತ್ತೆ ಮಾವನಿಗೂ ಇಂಥದ್ದೇ ಟಿಕೆಟ್ ಮಾಡಿಸಿದ್ದೆವು. ಅವರು ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದಾಗಲೇ ಮುಂದಿನ ವಿಮಾನ ಹೋಗಿಬಿಟ್ಟಿತ್ತು.

ಆ 14,000 ಕಿ.ಮೀ. ಉತ್ತರ ಧ್ರುವದ ಹತ್ತಿರ ಹಾದುಹೋಗುವ ನೇರ ದಾರಿಯದ್ದು. ವಿಮಾನ ಗಾಳಿ ನೋಡಿ ದಾರಿ ಹಿಡಿಯುತ್ತದೆ. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆ ತಿರುಗಿಸಿತು. ದೂರ ಸುಮಾರು 13,900ರಿಂದ 15,300 ಕಿ.ಮೀ.ಗೆ ಏರಿತು. ಆದರೆ ಹಿಂದಿನಿಂದ ಗಾಳಿ ತಳ್ಳಿದ್ದರಿಂದ ಸಮಯ ಹತ್ತಿರ ಹತ್ತಿರ ಎರಡು ಗಂಟೆ ಉಳಿಯಿತು! ದೂರ ನೋಡಿ ಏನು ಮಾಡುತ್ತೀರಿ, ಹೇಳಿ?

ನಾನು ಮಾಡುವುದು ಇಷ್ಟೇ. ಟಿಕೆಟ್‌ನಲ್ಲಿ ಇರುವುದೆಲ್ಲ ಆಯಾ ಊರಿನ ಸಮಯ ಅಲ್ವಾ? ಎಲ್ಲವನ್ನೂ ನಮ್ಮ ಸಮಯಕ್ಕೆ ತಂದು ಒಂದು ಚೀಟಿಯಲ್ಲಿ ಬರೆಯಿರಿ. ಬೆಂಗಳೂರು ಮಧ್ಯಾಹ್ನ 2, ಸ್ಯಾನ್ ಫ್ರಾನ್ಸಿಸ್ಕೊ ಅದೇ ದಿನ ಸಂಜೆ 5 ಅಂತಿದೆ ಅಂದುಕೊಳ್ಳಿ. ಚಳಿಗಾಲದಲ್ಲಿ ಅಲ್ಲಿನ ಸಮಯಕ್ಕೆ ಹದಿಮೂರೂವರೆ ಗಂಟೆ ಸೇರಿಸಬೇಕು. ಅಂದರೆ ನಮಗೆ ಮಾರನೇ ದಿನ ಬೆಳಿಗ್ಗೆ ಆರೂವರೆ. ಪ್ರಯಾಣ ಹದಿನಾರೂವರೆ ಗಂಟೆ. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಸೇರಿಸಿ. ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ಆ ವಾರದ ಟಿಕೆಟ್ ಆದರೆ ಎರಡು ಸಲ ನೋಡಿ. ಚಿಕಾಗೊ ಲೆಕ್ಕ ಬೇರೆ, ಅಲ್ಲಿನ ಸಮಯಕ್ಕೆ ಇದಕ್ಕಿಂತ ಎರಡು ಗಂಟೆ ಕಡಿಮೆ ಸೇರಿಸಿ.

ಇನ್ನು ಗ್ಯಾಪ್. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್. ಲಗೇಜ್‌ಗೆ ಕೊನೆಯ ಊರಿನ ಟ್ಯಾಗ್ ಹಾಕಿದ್ದರೂ ಸಾಮಾನ್ಯವಾಗಿ ಅಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಆಮೇಲೆ ಇನ್ನೊಂದು ಸೆಕ್ಯುರಿಟಿ. ವಯಸ್ಸಾದವರಿಗೆ ಮೂರು ಗಂಟೆಗಿಂತ ಕಡಿಮೆ ಇಡಲೇಬೇಡಿ. ಬುಕಿಂಗ್ ಆಪ್ ತೋರಿಸಿತು ಅಂತ ಸುಮ್ನೆ ಒತ್ತಬೇಡಿ, ಅದಕ್ಕೇನು ಗೊತ್ತು ನಿಮ್ಮ ಅಮ್ಮನ ಮಂಡಿನೋವು?

ಎರಡು ಬೇರೆ ಪಿಎನ್ಆರ್, ಅಂದರೆ ಬೇರೆ ಬೇರೆ ಬುಕಿಂಗ್ ಮಾಡಿ ನಾಲ್ಕು ಸಾವಿರ ಉಳಿಸುವ ಐಡಿಯಾ ಕೂಡ ಬಿಡಿ. ಮೊದಲನೇದು ತಡವಾದರೆ ಎರಡನೇದಕ್ಕೆ ಯಾರೂ ಜವಾಬ್ದಾರರಲ್ಲ. ಮುಂಬೈ ಮೇಲೆ ಹೋಗುವುದಾದರೆ ಟರ್ಮಿನಲ್ ನೋಡಿ. ಟಿ1ರಿಂದ ಟಿ2ಗೆ ರಸ್ತೆಯಲ್ಲಿ ಹೋಗುವುದಾದರೆ ಟ್ರಾಫಿಕ್ ಗೊತ್ತಲ್ಲ.

ಫೋನಿನಲ್ಲಿ ಫ್ಲೈಟ್‌ರಾಡಾರ್24 (ವಿಮಾನಗಳ ಓಡಾಟ ತೋರಿಸುವ ಆಪ್) ಹಾಕಿಕೊಳ್ಳಿ. ವಿಮಾನದ ನಂಬರ್ ಕೊಟ್ಟರೆ ಹಿಂದಿನ ದಿನಗಳಲ್ಲಿ ನಿಜವಾಗಿ ಎಷ್ಟು ಹೊತ್ತಿಗೆ ಇಳಿಯಿತು ಅಂತ ಕಾಣುತ್ತದೆ. ನಾನು ನಂಬುವುದು ಅದನ್ನೇ. ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ವೆಬ್‌ಸೈಟ್ ಎರಡು ಊರಿನ ನಡುವಿನ ನೇರ ದೂರ ನೋಡಲು ಚೆನ್ನಾಗಿದೆ, ಟಿಕೆಟ್ ತಗೊಳ್ಳಲು ಅಲ್ಲ.

ವೀಲ್‌ಚೇರ್ ಈಗಲೇ ಕೇಳಿ, ಕೌಂಟರ್‌ನಲ್ಲಿ ಕೇಳೋಣ ಅನ್ನಬೇಡಿ. ಬಿಪಿ, ಶುಗರ್ ಮಾತ್ರೆ ಚೀಟಿ ಸಮೇತ ಕೈಚೀಲದಲ್ಲಿರಲಿ. ಇನ್ಸುಲಿನ್ ತಗೊಳ್ಳುವವರಾದರೆ ಯಾವ ಊರಿನ ಸಮಯಕ್ಕೆ ತಗೋಬೇಕು ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.